ದೊಡ್ಡವರ ಹಳೇ ಉಣ್ಣೆ ಕೋಟಿನಿಂದ ಮಗುವಿಗೆ ಚಳಿಗಾಲದ ಕೋಟು: ಬಿಚ್ಚುವುದು, ಕತ್ತರಿಸುವುದು, ದಪ್ಪದ ಲೆಕ್ಕ

ದಾರದುಂಡೆ
ಸಾಮಾನು ಇಷ್ಟಿದೆ: ದೊಡ್ಡವರ ಉದ್ದದ ಉಣ್ಣೆ ಓವರ್‌ಕೋಟ್ ಒಂದು, ಅದರದ್ದೇ ಜಾರುವ ಲೈನಿಂಗ್, ಒಂದು ಹಳೇ ಕಾಟನ್ ಫ್ಲಾನೆಲ್ ಹೊದಿಕೆ, 5 ಮಿ.ಮೀ. ದಪ್ಪದ ಪಾಲಿಯೆಸ್ಟರ್ ವ್ಯಾಡಿಂಗ್ (ಬೆಚ್ಚಗಿಡಲು ನಡುವೆ ತುಂಬುವ ಮೆತ್ತನೆ ಪದರ). ಮಗುವಿಗೆ 4 ವರ್ಷ, ಎದೆಸುತ್ತು 22½ ಇಂಚು. ಮೂರು ಪ್ರಶ್ನೆ. ಕೋಟನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಬೇಕೇ, ಇಲ್ಲ ಹೊಲಿಗೆಯ ಪಕ್ಕದಲ್ಲಿ ಕತ್ತರಿ ಆಡಿಸಿದರೆ ಸಾಕೇ? ವ್ಯಾಡಿಂಗ್ ಹಾಕುವುದಾದರೆ ಎದೆಗೆ ಎಷ್ಟು ಲೂಸು ಇಡಬೇಕು? ಮನೆಯಲ್ಲಿರುವ ಸಾಧಾರಣ ಮೆಷಿನ್ ಇಷ್ಟು ಪದರ ಎಳೆಯುತ್ತದೆಯೇ?

ಹಾಸುಹೊಕ್ಕು
ಕತ್ತರಿ ಹಿಡಿಯುವ ಮೊದಲು ಬಟ್ಟೆ ನಿಜಕ್ಕೂ ಉಣ್ಣೆಯೇ ಎಂದು ನೋಡಿ. ಒಳಮಾರ್ಜಿನ್‌ನಿಂದ (ಹೊಲಿಗೆಯಾಚೆ ಒಳಗುಳಿದ ಬಟ್ಟೆಯಿಂದ) ನಾಲ್ಕೈದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನಾಗಿಯೇ ಆರಿ, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಎರಡೂ ಲಕ್ಷಣ ಕಂಡರೆ ಮಿಶ್ರಣ. ಇದು ಬರೀ ಕುತೂಹಲಕ್ಕಲ್ಲ: ಉಣ್ಣೆ ಹಬೆಗೆ ಬಗ್ಗುತ್ತದೆ, ಕುಗ್ಗಿಸಿ ಆಕಾರಕ್ಕೆ ತರಬಹುದು. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ಇಟ್ಟರೆ ಹಿಗ್ಗಿ ಸತ್ತು ಬೀಳುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಆಮೇಲೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ನುಸಿ ತಿಂದ ತೂತು ಮೇಲಿನಿಂದ ಕಾಣದಿದ್ದರೂ ಬೆಳಕಿಗೆ ಚುಕ್ಕೆಯಂತೆ ಹೊಳೆಯುತ್ತದೆ. ಸವೆದ ಮೊಣಕೈ, ಪೃಷ್ಠದ ಭಾಗ ತೆಳ್ಳಗೆ ಕಾಣುತ್ತವೆ. ಎಲ್ಲದರ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಜೀವಂತ ಹುಳು ಇರಬಹುದೆಂಬ ಅನುಮಾನ ಇದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, 2 ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವವರೆಗೂ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಕತ್ತರಿಕೈ
ಬಿಚ್ಚಬೇಕೇ ಕತ್ತರಿಸಬೇಕೇ ಎಂಬುದಕ್ಕೆ ಒಂದೇ ಉತ್ತರ ಇಲ್ಲ, ಹೊಲಿಗೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ಪಕ್ಕದ ಹೊಲಿಗೆ, ಬೆನ್ನಿನ ನಡುಹೊಲಿಗೆ, ತೋಳಿನ ಉದ್ದ ಹೊಲಿಗೆ: ಇವನ್ನು ಬಿಚ್ಚಿ. ಒಂದೊಂದು ಬದಿಯಲ್ಲೂ ಅರ್ಧದಿಂದ ಮುಕ್ಕಾಲು ಇಂಚು ಮಾರ್ಜಿನ್ ಸಿಗುತ್ತದೆ. ಮಕ್ಕಳ ಕೋಟಿನಲ್ಲಿ ಆ ಒಂದು ಇಂಚಿಗಾಗಿಯೇ ತುಂಡು ಕೂರದೆ ಹೋಗುವುದು. ಕಾಲರ್, ಮುಂಭಾಗದ ಅಂಚು, ಜೇಬಿನ ಬಾಯಿ: ಇವುಗಳ ಒಳಗೆ ಬಿಗಿ ಕೊಡುವ ಬಕ್ರಂ, ಕ್ಯಾನ್ವಾಸ್ ಬಟ್ಟೆ, ನೂರು ಸಣ್ಣ ಕೈಹೊಲಿಗೆ ಇರುತ್ತದೆ. ಬಿಚ್ಚುತ್ತಾ ಕೂತರೆ ದಿನವಿಡೀ ಹಿಡಿಯುತ್ತದೆ, ಬರುವುದು ಅಂಗೈಯಗಲ ಬಟ್ಟೆ. ಕತ್ತರಿಸಿ ಬಿಡಿ.

ಬಿಚ್ಚುವ ಮೊದಲೇ ಪ್ರತಿ ತುಂಡಿನ ಒಳಬದಿಗೆ ಕೆಳಮುಖ ಬಾಣ ಬರೆಯಿರಿ. ಉಣ್ಣೆ ಕೋಟಿನ ಬಟ್ಟೆಗೆ ರೋಮ ಒಂದೇ ಕಡೆ ಮಲಗಿರುತ್ತದೆ. ಬಿಡಿ ತುಂಡಾದ ಮೇಲೆ ಮೇಲು ಕೆಳಗು ತಿಳಿಯುವುದು ಕಷ್ಟ. ಒಂದು ತೋಳು ತಲೆಕೆಳಗಾದರೆ ಹೊಲಿಯುವಾಗ ಗೊತ್ತಾಗುವುದಿಲ್ಲ, ಬಿಸಿಲಿಗೆ ನಿಂತಾಗ ಬೇರೆಯೇ ಬಣ್ಣ ಕಾಣುತ್ತದೆ.

ಬಿಚ್ಚಿದ ಮೇಲೆ ಒಳಬದಿಯನ್ನೂ ನೋಡಿ. ಬಿಸಿಲಿಗೆ ಮಾಸಿದ ಕೋಟಿನ ಒಳಬದಿ ಎಷ್ಟೋ ಸಲ ಹೊಸದರಂತೆ ಇರುತ್ತದೆ, ಅದನ್ನೇ ಹೊರಗೆ ಮಾಡಿಕೊಳ್ಳಬಹುದು. ಹಳೇ ಹೊಲಿಗೆಯ ಗೆರೆ ಹೋಗಬೇಕಾದರೆ ಒಂದು ಭಾಗ ಬಿಳಿ ವಿನೆಗರ್, ಎರಡು ಭಾಗ ನೀರು ಬೆರೆಸಿ, ತೆಳು ಬಟ್ಟೆ ಅದ್ದಿ ಹಿಂಡಿ, ಗೆರೆಯ ಮೇಲೆ ಹಾಸಿ ಹಬೆ ಕೊಡಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಮೂಲೆಯಲ್ಲಿ ನೋಡಿ. ಮಾಸಿದ ಗೆರೆ ಮಾತ್ರ ಇದರಿಂದಲೂ ಹೋಗದು. ಅದನ್ನು ಜೇಬಿನಡಿಗೋ ಮಾರ್ಜಿನ್ ಒಳಗೋ ಸೇರಿಸಬೇಕು.

ಕತ್ತರಿಕೈ
ತುಂಡು ಕೂರಿಸುವ ಕ್ರಮ ಬರೆಯಲು ಬಿಟ್ಟೆ. ಮೊದಲು ತೋಳು ಕೂರಿಸಿ, ಬೆನ್ನಲ್ಲ. ಎಲ್ಲರೂ ದೊಡ್ಡ ತುಂಡಿನಿಂದ ಶುರು ಮಾಡಿ ಕೊನೆಗೆ ತೋಳಿಗೆ ಬಟ್ಟೆ ಸಾಲದೆ ಒದ್ದಾಡುತ್ತಾರೆ. ದೊಡ್ಡವರ ಕೋಟಿನ ತೋಳು ಸಾಮಾನ್ಯವಾಗಿ ಎರಡು ತುಂಡಿನದ್ದು, ಮೇಲಿನದು ಅಗಲ, ಕೆಳಗಿನದು ಕಿರಿದು. ಮಗುವಿನ ಒಂದೇ ತುಂಡಿನ ತೋಳು ಅದರೊಳಗೆ ಕೂರುವುದು ಅಪರೂಪ. ಮಗುವಿನ ತೋಳನ್ನೂ ಎರಡು ತುಂಡಾಗಿಯೇ ಮಾಡಿಕೊಳ್ಳಿ, ಸವೆದ ಮೊಣಕೈ ಭಾಗ ತಪ್ಪಿಸಲು ಜಾಗವೂ ಸಿಗುತ್ತದೆ.

ಬೆನ್ನಿನ ಎರಡು ಹೋಳಿನಿಂದ ಮಗುವಿನ ಮುಂಭಾಗ ಎರಡು. ಮುಂಭಾಗದ ಹೋಳುಗಳಲ್ಲಿ ಜೇಬು, ಕಾಜಾ, ಡಾರ್ಟ್ (ಆಕಾರಕ್ಕೆಂದು ಹಿಡಿದು ಹೊಲಿದ ಮಡಿಕೆ) ಇರುವುದರಿಂದ ಅಲ್ಲಿ ಮಗುವಿನ ಬೆನ್ನನ್ನು ನಡುಹೊಲಿಗೆ ಹಾಕಿ ಎರಡು ತುಂಡಾಗಿ ತೆಗೆಯಿರಿ. ಸಾಲದಿದ್ದರೆ ಭುಜದ ಕೆಳಗೆ ಅಡ್ಡ ಯೋಕ್ (ಬೇರೆ ತುಂಡಿನ ಪಟ್ಟಿ) ಕೊಡಿ, ಬೇಕೆಂದೇ ಮಾಡಿದಂತೆ ಕಾಣುತ್ತದೆ. ಕೆಳಗಾಲರಿಗೆ ಉಣ್ಣೆ ಖರ್ಚು ಮಾಡಬೇಡಿ, ತೆಳುವಾದ ಬಟ್ಟೆ ಸಾಕು, ಅದೇ ಒಳ್ಳೆಯದು ಕೂಡ.

ಹಳೇ ಕೋಟಿನ ಮಡಿಚಿದ ಕೆಳಅಂಚನ್ನೋ ತೋಳಿನ ತುದಿಯನ್ನೋ ಹಾಗೇ ಉಳಿಸಿಕೊಳ್ಳುವ ಉಪಾಯ ಬಹಳ ಜನ ಹೇಳುತ್ತಾರೆ. ಕೆಲಸ ಉಳಿಯುತ್ತದೆ, ನಿಜ. ಆದರೆ ಮುಂದಿನ ವರ್ಷ ಉದ್ದ ಬಿಡಲು ಏನೂ ಇರುವುದಿಲ್ಲ. ನನಗಂತೂ ಒಪ್ಪಿಗೆ ಇಲ್ಲ.

ಸೀಮೆಸುಣ್ಣ
ಎರಡನೇ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಮಕ್ಕಳ ಕೋಟು ಕೆಡುವುದು ಹೆಚ್ಚಾಗಿ ಇಲ್ಲೇ. ಅಳತೆ ಸರಿ, ಹೊಲಿಗೆ ಸರಿ, ತೊಡಿಸಿದರೆ ಮಗು ಕೈ ಎತ್ತಲಾರದು. ಬಟ್ಟೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಕಾರಣ.

ಕೋಟಿನ ಸುತ್ತಳತೆಯನ್ನು ನಾವು ಹೊರಗಿನಿಂದ ಹಿಡಿಯುತ್ತೇವೆ, ಮಗು ಇರುವುದು ಒಳಗೆ. ಗೋಡೆ ಎಷ್ಟು ದಪ್ಪವೋ ಅದರ 6.28 ಪಟ್ಟು ಸುತ್ತಳತೆ ಒಳಗೆ ಕಡಿಮೆಯಾಗುತ್ತದೆ (ಎರಡು ಸಲ ಪೈ, ಶಾಲೆಯ ಲೆಕ್ಕವೇ). 5 ಮಿ.ಮೀ. ವ್ಯಾಡಿಂಗ್ ಒಂದೇ 31 ಮಿ.ಮೀ. ತಿನ್ನುತ್ತದೆ, ಅಂದರೆ ಸುಮಾರು 1¼ ಇಂಚು. ಅದಕ್ಕೆ 3 ಮಿ.ಮೀ. ಉಣ್ಣೆ, ಅರ್ಧ ಮಿ.ಮೀ. ಲೈನಿಂಗ್ ಸೇರಿಸಿದರೆ 8.5 ಮಿ.ಮೀ.; 2 ಇಂಚಿಗಿಂತ ತುಸು ಹೆಚ್ಚೇ ಹೋಯಿತು. ಒಳಗೆ 4 ಮಿ.ಮೀ. ದಪ್ಪದ ಸ್ವೆಟರ್ ಇದ್ದರೆ ಇನ್ನೊಂದು ಇಂಚು. ಹೀಗಾಗಿ 22½ ಎದೆಗೆ 6 ಇಂಚು ಲೂಸು ಕೊಟ್ಟು 28½ ಮಾಡಿದರೂ ಮಗುವಿಗೆ ಆಡಲು ಸಿಗುವುದು 3 ಇಂಚು ಮಾತ್ರ. ವ್ಯಾಡಿಂಗ್ ಇದ್ದರೆ 7½ಕ್ಕೆ ಹೋಗಿ, 30 ಇಂಚು ಮಾಡಿ. ವ್ಯಾಡಿಂಗ್ ಇಲ್ಲದಿದ್ದರೆ 6 ಸಾಕು.

ಇನ್ನೂ ಮುಖ್ಯವಾದದ್ದು: ಈ ನಷ್ಟ ಕೊಳವೆಯ ಅಗಲದ ಮೇಲೆ ಹೋಗುವುದಿಲ್ಲ, ಗೋಡೆಯ ದಪ್ಪದ ಮೇಲೆ ಹೋಗುತ್ತದೆ. ಎದೆಯ 30 ಇಂಚಿನಲ್ಲಿ 2 ಇಂಚು ಹೋದರೆ ಗೊತ್ತಾಗದು. ತೋಳಿನ 11 ಇಂಚಿನಲ್ಲೂ ಅದೇ 2 ಇಂಚು ಹೋಗುತ್ತದೆ! ಸ್ವೆಟರಿನದ್ದೂ ಸೇರಿದರೆ ಉಳಿಯುವುದು 8. ನಾಲ್ಕು ವರ್ಷದ ಮಗುವಿನ ರಟ್ಟೆಯೇ 6½ರ ಆಸುಪಾಸು ಇರುತ್ತದೆ. ಆದ್ದರಿಂದ ತೋಳಿಗೆ ವ್ಯಾಡಿಂಗ್ ಹಾಕಲೇಬೇಡಿ. ಮೈಗೆ ಮಾತ್ರ ಹಾಕಿ, ತೋಳಿಗೆ ಉಣ್ಣೆ ಮತ್ತು ಲೈನಿಂಗ್ ಸಾಕು. ಕತ್ತಿನ ಸುತ್ತಳತೆಗೂ ಇದೇ ಮಾತು, ಕತ್ತಿನ ಗೆರೆಯನ್ನು ಸುತ್ತಲೂ ಕಾಲು ಇಂಚು ಕೆಳಗಿಳಿಸಿ.

ದಾರದುಂಡೆ
ಹಾಗಾದರೆ ವ್ಯಾಡಿಂಗ್ ಬದಲು ಮೈಗೆ ಫ್ಲಾನೆಲ್ ಹಾಕಿದರೆ? ದಪ್ಪ 1 ಮಿ.ಮೀ. ಬರುತ್ತದೆ.

ಸೀಮೆಸುಣ್ಣ
ಹಾಕಿ. ಉಣ್ಣೆ ಕೋಟಿಗೆ ಅದೇ ಮೇಲು. ಒತ್ತಾಗಿ ನೇಯ್ದ ಕಾಟನ್ ಪದರ ಗಾಳಿಯನ್ನು ತಡೆಯುತ್ತದೆ, ಉಣ್ಣೆ ತಡೆಯದಿರುವುದು ಅದನ್ನೇ. ಫ್ಲಾನೆಲ್ ಅನ್ನು ಹೊರಬಟ್ಟೆಗಲ್ಲ, ಲೈನಿಂಗ್ ತುಂಡಿಗೆ ಹೊಂದಿಸಿ ಅದೇ ಆಕಾರಕ್ಕೆ ಕತ್ತರಿಸಿ, ಅಂಚಿನಿಂದ ಕಾಲು ಇಂಚು ಒಳಗೆ ಕಚ್ಚಾ ಹೊಲಿಗೆ (ತಾತ್ಕಾಲಿಕ ಉದ್ದ ಹೊಲಿಗೆ) ಹಾಕಿ ಎರಡನ್ನೂ ಒಂದೇ ಬಟ್ಟೆ ಎಂಬಂತೆ ಹೊಲಿಯಿರಿ. ಕೆಳಗಡೆ ಫ್ಲಾನೆಲ್ ಅಂಚಿನ ಮಡಿಕೆಯವರೆಗೆ ಮಾತ್ರ ಬರಲಿ, ಮಡಿಕೆಯೊಳಗೆ ಹೋಗಬಾರದು.

ಕತ್ತರಿಸುವ ಮುನ್ನ ಫ್ಲಾನೆಲ್ ಅನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಿ. ಹಳೇದು, ಕುಗ್ಗಿಯಾಗಿದೆ ಎಂದು ಬಿಡಬೇಡಿ. ಉಣ್ಣೆಯನ್ನು ಮಾತ್ರ ಉಗುರುಬೆಚ್ಚಗಿನ ನೀರಲ್ಲಿ, ಉಜ್ಜದೆ, ಹಿಂಡದೆ. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಮೊದಲ ಒಗೆತಕ್ಕೇ ಕೆಳಅಂಚು ಚೀಲದಂತೆ ಜೋತುಬೀಳುತ್ತದೆ.

ಮೆಷಿನ್‌ಪೆಡಲ್
ಮೂರನೇ ಪ್ರಶ್ನೆ, ಮೆಷಿನ್ನಿನದು. ಎಳೆಯುತ್ತದೆ, ಆದರೆ ಸೂಜಿ, ಹೊಲಿಗೆಯ ಉದ್ದ, ಪಾದದ (ಬಟ್ಟೆಯನ್ನು ಮೇಲಿನಿಂದ ಅದುಮಿ ಹಿಡಿಯುವ ಭಾಗದ) ಒತ್ತಡ ಮೂರನ್ನೂ ಬದಲಿಸಬೇಕು. 16 ನಂಬರ್ ಸೂಜಿ, ಹೊಸದು. ಹೊಲಿಗೆ 3 ರಿಂದ 3.5 ಮಿ.ಮೀ. ಪಾಲಿಯೆಸ್ಟರ್ ದಾರ. ಪಾದದ ಒತ್ತಡ ತಿರುಗಿಸುವ ಗುಂಡಿ ಇದ್ದರೆ ಸಡಿಲಿಸಿ. ಒತ್ತಡ ಹೆಚ್ಚಿದ್ದರೆ ಕೆಳಗಿನ ಹಲ್ಲು ಕೆಳಬಟ್ಟೆಯನ್ನು ಮುಂದೆ ಎಳೆಯುತ್ತದೆ, ಮೇಲಿನದನ್ನು ಪಾದ ಹಿಂದಕ್ಕೆ ತಳ್ಳುತ್ತದೆ. 15 ಇಂಚಿನ ಹೊಲಿಗೆ ಮುಗಿಯುವಾಗ ಮೇಲಿನ ತುಂಡು ಅರ್ಧ ಇಂಚು ಹೆಚ್ಚಾಗಿ ನಿಂತಿರುತ್ತದೆ. ವಾಕಿಂಗ್ ಫೂಟ್ (ಮೇಲಿನ ಬಟ್ಟೆಯನ್ನೂ ಜೊತೆಗೆ ಎಳೆಯುವ ಪಾದ) ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಳ್ಳಿ, ಬರೀ ಗುಂಡುಸೂಜಿ ಸಾಲದು.

ನಾಲ್ಕು ಹೊಲಿಗೆ ಕೂಡುವ ಕಡೆ, ಉದಾಹರಣೆಗೆ ಕಂಕುಳು, ಪಾದ ಗುಡ್ಡ ಹತ್ತಿದ ಹಾಗೆ ಓರೆಯಾಗಿ ಹೊಲಿಗೆ ತಪ್ಪುತ್ತದೆ. ಅದೇ ಬಟ್ಟೆಯ ಚೂರನ್ನು ಮಡಿಚಿ ಪಾದದ ಹಿಂಭಾಗದ ಕೆಳಗಿಟ್ಟು ಮಟ್ಟ ಮಾಡಿ, ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ. ಸೂಜಿ ಬಾಗುತ್ತದೆ, ಬಾಗಿದ ಸೂಜಿಯ ದಾರದ ಕುಣಿಕೆಯನ್ನು ಕೆಳಗಿನ ಕೊಕ್ಕೆ ಹಿಡಿಯಲಾರದು; ಹೊಲಿಗೆ ಬಿಟ್ಟುಹೋಗುವುದು ಬಹುಪಾಲು ಇದರಿಂದಲೇ.

ಇಸ್ತ್ರಿಪೆಟ್ಟಿಗೆ
ದಪ್ಪ ಬಟ್ಟೆಯಲ್ಲಿ ಅರ್ಧ ಕೆಲಸ ಮೆಷಿನ್ನಿನದ್ದು, ಅರ್ಧ ಇಸ್ತ್ರಿಯದ್ದು. ಹೊಲಿದ ಮಾರ್ಜಿನ್ ಬಿಡಿಸಿ, ಒದ್ದೆ ಬಟ್ಟೆ ಹಾಸಿ, ಇಸ್ತ್ರಿಯನ್ನು ಉಜ್ಜದೆ ಎತ್ತಿ ಎತ್ತಿ ಇಡಿ. ಹಬೆ ಏಳುತ್ತಿರುವಾಗಲೇ ಇಸ್ತ್ರಿ ತೆಗೆದು ನುಣುಪಾದ ಮರದ ತುಂಡೊಂದನ್ನು ಒತ್ತಿ, ತಣ್ಣಗಾಗುವವರೆಗೂ ಹಿಡಿಯಿರಿ. ಉಣ್ಣೆ ಆಕಾರ ಹಿಡಿಯುವುದು ಬಿಸಿಯಲ್ಲಿ ಅಲ್ಲ, ತಣಿಯುವಾಗ. ಬಿಸಿಯಿರುವಾಗಲೇ ಎತ್ತಿದರೆ ಹೊಲಿಗೆ ಮತ್ತೆ ಉಬ್ಬಿಕೊಳ್ಳುತ್ತದೆ, ಆಮೇಲೆ ಇಸ್ತ್ರಿಯನ್ನು ಬೈಯುತ್ತೇವೆ.

ಕಾಲರ್ ಮತ್ತು ಮುಂಅಂಚಿನಲ್ಲಿ ಮಾರ್ಜಿನ್‌ಗಳನ್ನು ಮೆಟ್ಟಿಲಾಗಿ ಕತ್ತರಿಸಿ: ಹೊರಬಟ್ಟೆಯ ಕಡೆಯದು 10 ಮಿ.ಮೀ., ಒಳಗಿನದು 5. ಎರಡೂ ಒಂದೇ ಅಗಲ ಇದ್ದರೆ ಹೊರಗೆ ಹಗ್ಗ ಇಟ್ಟಂತೆ ಗೆರೆ ಮೂಡುತ್ತದೆ. ಕೆಳಗಾಲರ್ ಮೇಲ್ಗಾಲರಿಗಿಂತ ಮೂರು ಬದಿಯಲ್ಲೂ 3 ಮಿ.ಮೀ. ಚಿಕ್ಕದಿರಲಿ, ಮಡಿಚಿದಾಗ ಹೊರಗಿನದು ಹೆಚ್ಚು ದಾರಿ ಸುತ್ತಬೇಕಲ್ಲ.

ಕಾಜಾಗುಂಡಿ
ತೋಳಿನ ತಲೆ (ಭುಜಕ್ಕೆ ಸೇರುವ ಮೇಲಂಚು) ಆರ್ಮ್‌ಹೋಲಿಗಿಂತ ಎಷ್ಟು ಹೆಚ್ಚಿರಬೇಕು? ಒಂದೊಂದು ಕಡೆ ಒಂದೊಂದು ಬರೆದಿರುತ್ತಾರೆ.

ಇಸ್ತ್ರಿಪೆಟ್ಟಿಗೆ
ಸಡಿಲ ನೇಯ್ಗೆಯ ಉಣ್ಣೆಗೆ ಮಗುವಿನ ಅಳತೆಯಲ್ಲಿ ಮುಕ್ಕಾಲು ಇಂಚು ಹೆಚ್ಚು ಇಡಬಹುದು, ಹಬೆಯಲ್ಲಿ ಕುಗ್ಗಿ ಕೂರುತ್ತದೆ. ಗಟ್ಟಿ ಫೆಲ್ಟ್ ಆದ (ಎಳೆಗಳು ಹೆಣೆದುಕೊಂಡು ಒತ್ತಾದ) ಬಟ್ಟೆಗೂ ಸಿಂಥೆಟಿಕ್‌ಗೂ ಕಾಲು ಇಂಚಿಗಿಂತ ಹೆಚ್ಚು ಬೇಡ, ನೆರಿಗೆ ಬಿದ್ದೇ ಬೀಳುತ್ತದೆ. ರ‍್ಯಾಗ್ಲಾನ್ ತೋಳು (ಕತ್ತಿನವರೆಗೂ ಹೋಗುವ ತೋಳು) ಮಾಡಿದರೆ ಈ ತಾಪತ್ರಯವೇ ಇಲ್ಲ, ಬೆಳೆಯುವ ಮಗುವಿಗೆ ಭುಜದಲ್ಲಿ ಜಾಗವೂ ಇರುತ್ತದೆ. ಆದರೆ ಅದಕ್ಕೆ ಉದ್ದದ ತುಂಡು ಬೇಕು, ಹಳೇ ಕೋಟಿನ ತೋಳಿನಲ್ಲಿ ಎರಡು ತುಂಡು ಮಾಡಿ ಭುಜದ ಮೇಲೆ ಹೊಲಿಗೆ ಬರಿಸಿದರೆ ಮಾತ್ರ ಸಿಗುತ್ತದೆ.

ಬೆರಳಟೋಪಿ
ಕೋಟಿಲ್ಲ, ಹಳೇ ಬ್ಲಾಂಕೆಟ್ ಇದೆ ಎನ್ನುವವರಿಗೆ ಇದೇ ಕ್ರಮ ನಡೆಯುತ್ತದೆಯೇ? ಸ್ವೆಟರ್, ಗರಿ ತುಂಬಿದ ಜಾಕೆಟ್ ಇರುವವರೂ ಇದ್ದಾರೆ.

ಹಾಸುಹೊಕ್ಕು
ಉಣ್ಣೆ ಬ್ಲಾಂಕೆಟ್ ಆದರೆ ಬಟ್ಟೆ ಧಾರಾಳ, ನೇಯ್ಗೆ ಸಡಿಲ. ಭುಜ ಮತ್ತು ಮುಂಅಂಚು ಜೋತುಬೀಳುತ್ತವೆ. ಭುಜದ ಹೊಲಿಗೆಯೊಳಗೆ ಕಾಲಿಂಚಿನ ಕಾಟನ್ ಟೇಪ್ ಸೇರಿಸಿ ಹೊಲಿಯಿರಿ, ಮುಂಭಾಗಕ್ಕೆ ಅಂಟುವ ಬಕ್ರಂ ಹಾಕಿ. ಕತ್ತರಿಸಿದ ತಕ್ಷಣ ಅಂಚು ಬಿಚ್ಚಿಕೊಳ್ಳುವುದರಿಂದ ಜಿಗ್‌ಜಾಗ್ ಹಾಕಿಯೇ ಮುಂದಿನ ಕೆಲಸ. ತುಪ್ಪಳದಂತೆ ಮೆತ್ತಗಿರುವ ಅಕ್ರಿಲಿಕ್ ಬ್ಲಾಂಕೆಟ್ ಕೋಟಿಗೆ ಬೇಡ. ಇಸ್ತ್ರಿಗೆ ಬಗ್ಗದು, ಎರಡು ವಾರಕ್ಕೆ ಕಂಕುಳಲ್ಲಿ ಗಂಟುಗಂಟಾಗುತ್ತದೆ.

ಸ್ವೆಟರ್ ನೂರಕ್ಕೆ ನೂರು ಉಣ್ಣೆಯಾಗಿದ್ದರೆ ಮೆಷಿನ್ನಿನಲ್ಲಿ 60 ಡಿಗ್ರಿಗೆ ಒಗೆದು ಫೆಲ್ಟ್ ಮಾಡಬಹುದು, ಆಮೇಲೆ ಅಂಚು ಬಿಚ್ಚುವುದಿಲ್ಲ. ಲೇಬಲ್ಲಿನಲ್ಲಿ ‘ಸೂಪರ್‌ವಾಶ್’ ಎಂದಿದ್ದರೆ ಎಷ್ಟು ಒಗೆದರೂ ಫೆಲ್ಟ್ ಆಗದು. ಫೆಲ್ಟ್ ಮಾಡುವ ಮೊದಲೇ ಕೈತುದಿಯ ರಿಬ್ ಕತ್ತರಿಸಿಟ್ಟುಕೊಳ್ಳಿ, ಕೋಟಿನ ತೋಳಿನೊಳಗೆ ಗಾಳಿ ತಡೆಯುವ ಒಳಕಫ್ ಆಗುತ್ತದೆ.

ಮೆಷಿನ್‌ಪೆಡಲ್
ಗರಿ ಜಾಕೆಟ್ ಬೇರೆಯೇ ಆಟ. ಕತ್ತರಿಸಿ ಆಮೇಲೆ ಹೊಲಿಯಲು ಹೋದರೆ ಮನೆ ತುಂಬ ಗರಿ. ಕತ್ತರಿಸುವ ಗೆರೆಯ ಎರಡೂ ಬದಿಗೆ ಒಂದೊಂದು ಸಾಲು ಹೊಲಿಗೆ ಹಾಕಿ, ನಡುವಿನ ಕಾಲು ಇಂಚಿನಲ್ಲಿ ಕತ್ತರಿ ಆಡಿಸಿ. ಸೂಜಿ 11 ನಂಬರ್, ಗುಂಡುಸೂಜಿ ಮಾರ್ಜಿನ್ ಒಳಗೆ ಮಾತ್ರ ಚುಚ್ಚಿ, ಇಲ್ಲವೇ ಕ್ಲಿಪ್. ಆ ಬಟ್ಟೆಯಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ, ತಪ್ಪು ಹೊಲಿಗೆ ಬಿಚ್ಚಿದರೆ ಅಲ್ಲಿಂದಲೇ ಗರಿ ಇಣುಕುತ್ತದೆ.

ಬೆರಳಟೋಪಿ
ಟೋಪಿ ಸೇರಿಸುವುದಾದರೆ ಮುಖದ ಸುತ್ತ ಎಳೆದು ಕಟ್ಟುವ ದಾರ ಹಾಕಿದರೆ ಗಾಳಿ ಹೋಗದು ಅಲ್ಲವೇ?

ಕಾಜಾಗುಂಡಿ
ದಯವಿಟ್ಟು ಬೇಡ. ಜಾರುಬಂಡೆಯ ಸಂದಿಯಂಥ ಕಡೆ ಸಿಕ್ಕಿ ಕತ್ತು ಬಿಗಿದ ಸಾವುಗಳಿಂದಲೇ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲಿ ಮಕ್ಕಳ ಹೊರ ಉಡುಪಿನ ಟೋಪಿ, ಕತ್ತಿನ ದಾರದ ವಿರುದ್ಧ ಮಾರ್ಗಸೂಚಿ ತಂದದ್ದು, 2011ರಲ್ಲಿ ಅದನ್ನು ನಿಯಮ ಮಾಡಿದ್ದು. ಯುರೋಪಿನ ಇಎನ್ 14682 ಮಾನದಂಡವೂ ಚಿಕ್ಕ ಮಕ್ಕಳಿಗೆ ಇದನ್ನೇ ಹೇಳುತ್ತದೆ. ಟೋಪಿಯ ಅಂಚಿನ ಒಳಗೆ ಎಲಾಸ್ಟಿಕ್ ಹೊಲಿದುಬಿಡಿ, ಹೊರಗೆ ತುದಿ ಬಾರದಂತೆ. ಟೋಪಿಯನ್ನು ಟಿಚ್ ಗುಂಡಿಯಲ್ಲಿ ಸೇರಿಸಿದರೆ ಎಲ್ಲಾದರೂ ಸಿಕ್ಕಿದಾಗ ಕಳಚಿಕೊಳ್ಳುತ್ತದೆ.

ಇನ್ನೊಂದು: ಕಾರಿನ ಮಕ್ಕಳ ಸೀಟಿನಲ್ಲಿ ವ್ಯಾಡಿಂಗ್ ಕೋಟು ತೊಡಿಸಿ ಬೆಲ್ಟ್ ಬಿಗಿಯಬಾರದು. ಡಿಕ್ಕಿಯಾದಾಗ ವ್ಯಾಡಿಂಗ್ ಅಮುಕಿ ಬೆಲ್ಟ್ ಸಡಿಲವಾಗುತ್ತದೆ. ಕೋಟು ಬಿಚ್ಚಿ ಬೆಲ್ಟ್ ಹಾಕಿ, ಆಮೇಲೆ ಮೇಲೆ ಹೊದಿಸುವುದು.

ಗುಂಡಿಯ ವಿಷಯ. ದೊಡ್ಡವರ ಕೋಟಿನ ದೊಡ್ಡ ಗುಂಡಿ ಚೆನ್ನಾಗಿ ಕಾಣುತ್ತದೆ, ಆದರೆ ಚಿಕ್ಕ ಕೈಗೆ 20 ರಿಂದ 23 ಮಿ.ಮೀ. ಗುಂಡಿಯೇ ಸುಲಭ. ಕಾಜಾದ ಉದ್ದ ಎಂದರೆ ಗುಂಡಿಯ ಅಗಲಕ್ಕೆ ಅದರ ದಪ್ಪ ಸೇರಿಸಿದ್ದು. ಗುಂಡಿಯ ಕೆಳಗೆ ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ತೆಗೆದು, ದಾರ ಸುತ್ತಿ ಕತ್ತು ಮಾಡಿ. ಕತ್ತು ಇಲ್ಲದ ಗುಂಡಿ ದಪ್ಪ ಬಟ್ಟೆಯನ್ನು ಚಿವುಟಿ ಹಿಡಿಯುತ್ತದೆ. ಒಳಬದಿಯಲ್ಲಿ ಅಂಗಿಯ ಚಿಕ್ಕ ಗುಂಡಿಯೊಂದನ್ನು ಸೇರಿಸಿ ಹೊಲಿದರೆ ಮಗು ಎಳೆದರೂ ಬಟ್ಟೆ ಹರಿಯದು. ಮೂರು ವರ್ಷದೊಳಗಿನ ಮಗುವಿಗೆ ಗುಂಡಿಯೇ ಬೇಡ, ಜಿಪ್ ಹಾಕಿ. ಹಳೇ ಜಾಕೆಟಿನಿಂದ ಬಿಚ್ಚಿದ ಜಿಪ್ ಉದ್ದವಾದರೆ ಮೇಲಿನಿಂದ ಮೊಟಕು ಮಾಡಬೇಕು. ಕೆಳಗೆ ಕತ್ತರಿಸಿದರೆ ಕೂಡಿಸುವ ಪಿನ್ನೇ ಹೋಗುತ್ತದೆ.

ದಾರದುಂಡೆ
ಕಾಜಾ ಮೆಷಿನ್ನಿನಲ್ಲಿ ಹಾಕಿ ನೋಡಿದರೆ ಚೂರು ಬಟ್ಟೆಯಲ್ಲಿ ಚೆನ್ನಾಗಿ ಬರುತ್ತದೆ, ಅಂಚಿನ ಹತ್ತಿರ ಸಿಕ್ಕಿಕೊಳ್ಳುತ್ತದೆ.

ಮೆಷಿನ್‌ಪೆಡಲ್
ಪಾದದ ಒಂದು ಬದಿ ದಪ್ಪ ಮಾರ್ಜಿನ್ ಮೇಲೆ, ಇನ್ನೊಂದು ಬದಿ ತೆಳುವಿನ ಮೇಲೆ. ಮಾರ್ಜಿನ್ ಇಲ್ಲದ ಕಡೆ ಮಟ್ಟಕ್ಕೆ ಚೂರು ಇಡಿ, ಅಥವಾ ಕಾಜಾ ಬಿಟ್ಟು ಅಂಚಿನ ಹೊಲಿಗೆಯೊಳಗೆ ಬಟ್ಟೆಯ ಕುಣಿಕೆ ಸೇರಿಸಿ. ಕುಣಿಕೆಯಾದರೆ ಮುಂಭಾಗ ಜೋಡಿಸುವ ಮೊದಲೇ ನಿರ್ಧಾರ ಆಗಬೇಕು.

ಕತ್ತರಿಕೈ
ಲೈನಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಲೈನಿಂಗ್ ಕಂಕುಳಲ್ಲಿ ಬೆವರಿಗೆ ಪುಡಿಯಾಗಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಜಗ್ಗಿ, ಹರಿದರೆ ಆ ಭಾಗ ಬಿಡಿ. ಬೆನ್ನಿನ ನಡುವೆ 1 ಇಂಚಿನ ಮಡಿಕೆ ಇಡಲೇಬೇಕು, ಲೈನಿಂಗ್ ಹಿಗ್ಗುವುದಿಲ್ಲ, ಉಣ್ಣೆ ಹಿಗ್ಗುತ್ತದೆ. ಕಂಕುಳಲ್ಲಿ ಲೈನಿಂಗ್ ತುಂಡು ಅರ್ಧ ಇಂಚು ಮೇಲಕ್ಕಿರಲಿ, ಹೊರಬಟ್ಟೆಯ ಮಾರ್ಜಿನ್ನನ್ನು ಅದು ಹತ್ತಿ ಇಳಿಯಬೇಕು. ಇದನ್ನು ಮರೆತರೆ ಕೈ ಎತ್ತಿದಾಗಲೆಲ್ಲ ಇಡೀ ಕೋಟು ಮೇಲೇಳುತ್ತದೆ. ಮೈಗೆ ಫ್ಲಾನೆಲ್ ಜೊತೆ ಯಾವ ಲೈನಿಂಗ್ ಆದರೂ ಸರಿ, ತೋಳಿಗೆ ಮಾತ್ರ ಜಾರುವುದೇ ಬೇಕು.

ಜೋಡಿಸುವಾಗ ಎಡತೋಳಿನ ಲೈನಿಂಗ್ ಹೊಲಿಗೆಯಲ್ಲಿ 5 ಇಂಚು ಬಿಟ್ಟಿರಿ, ಕೊನೆಗೆ ಕೋಟನ್ನು ಆ ಬಾಯಿಂದ ಹೊರಳಿಸಬೇಕು. ದಪ್ಪ ಉಣ್ಣೆಗೆ 4 ಇಂಚು ಸಾಲದು.

ದಾರದುಂಡೆ
ತೋಳಿನ ತುದಿಗೆ ಲೈನಿಂಗ್ ಸೇರಿಸಿದಾಗ ತಿರುಚಿಕೊಳ್ಳುತ್ತದೆ. ಬೆಳೆಯುವ ಮಗುವಿಗೆ ಉದ್ದ ಎಲ್ಲಿ ಅಡಗಿಸಿಡುವುದು ಎಂಬುದೂ ಉಳಿಯಿತು.

ಸೀಮೆಸುಣ್ಣ
ತಿರುಚದಿರಲು: ಕೋಟನ್ನು ಒಮ್ಮೆ ಸರಿಯಾಗಿ, ತೊಡುವ ರೀತಿಯಲ್ಲಿ ಹೊರಳಿಸಿ, ಲೈನಿಂಗ್ ತೋಳನ್ನು ಒಳಗಿಳಿಸಿ. ತುದಿಯಲ್ಲಿ ಎರಡರ ಕೆಳಹೊಲಿಗೆ ಎದುರುಬದುರು ಬಂದ ಜಾಗದಲ್ಲಿ, ಮಾರ್ಜಿನ್ ಒಳಕ್ಕೆ ಮಡಿಚಿ, ಒಂದೇ ಒಂದು ಗುಂಡುಸೂಜಿ ಚುಚ್ಚಿ. ಆ ಸೂಜಿ ತೆಗೆಯದೆ, ಹೊರಳಿಸುವ ಬಾಯಿಯಿಂದ ಕೈ ಹಾಕಿ ಅಲ್ಲಿ ಹಿಡಿದು ಎಳೆದುಕೊಳ್ಳಿ. ಎರಡು ತೋಳು ಆನೆ ಸೊಂಡಿಲುಗಳು ಮೂತಿಗೆ ಮೂತಿ ಇಟ್ಟಂತೆ ನಿಲ್ಲುತ್ತವೆ, ಸುತ್ತ ಹೊಲಿಯಿರಿ.

ಉದ್ದಕ್ಕೆ: ತೋಳಿನ ತುದಿಯ ಮಡಿಕೆ 2½ ಇಂಚು, ಕೆಳಅಂಚು 2½ ಇಂಚು. ಲೈನಿಂಗ್ ತೋಳಿಗೂ ಅಷ್ಟೇ ಹೆಚ್ಚಿಟ್ಟು, ಮೊಣಕೈಯ ಮೇಲ್ಭಾಗದಲ್ಲಿ ಅಡ್ಡ ಮಡಿಕೆ ಮಾಡಿ ಉದ್ದ ಹೊಲಿಗೆಯಲ್ಲಿ ಹಿಡಿದಿಡಿ, ಬೇಕಾದಾಗ ಬಿಚ್ಚಿದರೆ ಸಾಕು. ಮಡಿಕೆಗಳನ್ನು ಮಾತ್ರ ಚೂಪಾಗಿ ಇಸ್ತ್ರಿ ಮಾಡಬೇಡಿ, ಮೆತ್ತಗೆ ಹಬೆ ಕೊಟ್ಟು ಬಿಡಿ. ಚೂಪು ಮಡಿಕೆಯಲ್ಲಿ ಒಂದು ಚಳಿಗಾಲ ಉಜ್ಜಿದರೆ ರೋಮ ಸವೆದು ಬಿಳಿ ಗೆರೆ ಬೀಳುತ್ತದೆ, ಮುಂದಿನ ವರ್ಷ ಉದ್ದ ಬಿಟ್ಟಾಗ ಮಣಿಕಟ್ಟಿನ ಮೇಲೆ ಅದೇ ಎದ್ದು ಕಾಣುತ್ತದೆ.